ಮಳವಳ್ಳಿ ಲೈನಿನ ಸಂತೆ ಕಾಯಿಲೆ

ನೆಟ್‌ವರ್ಕ್ ಕೆಲಸಕ್ಕೆ ಹೊಸದಾಗಿ ಸೇರಿದವರು ಎಲ್ಲಾದರೂ ಸಿಕ್ಕಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಅವರು ಸರ್ವರು, ಪೋರ್ಟು, ಟರ್ಮಿನಲ್ಲು ಅನ್ನುತ್ತಾರೆ. ನಾನು ರಿಲೇ, ಬ್ಯಾಟರಿ, ಟೆಲಿಪ್ರಿಂಟರ್ ಅನ್ನುತ್ತೇನೆ. ಐದು ನಿಮಿಷ ಮಾತಾಡಿದರೆ ಇಬ್ಬರದೂ ಒಂದೇ ಗೋಳು ಅಂತ ಗೊತ್ತಾಗಿಬಿಡುತ್ತದೆ. ಇಲ್ಲಿಂದ ಕಳಿಸಿದ್ದು ಅಲ್ಲಿ ಸರಿಯಾಗಿ ಹೋಗಿ ಬೀಳಲಿಲ್ಲ. ತಪ್ಪು ಈ ತುದಿಯದೋ, ಆ ತುದಿಯದೋ, ನಡುವಿನ ತಂತಿಯದೋ? ಆಯುಸ್ಸೆಲ್ಲ ನಾನು ಇದೊಂದೇ ಪ್ರಶ್ನೆಯ ಹಿಂದೆ ಓಡಿದೆ. ಬಡ್ತಿ, ವರ್ಗಾವಣೆಗಳ ವಿವರ ಸರ್ವಿಸ್ ಪುಸ್ತಕದಲ್ಲಿದೆ, ಬೇಕಾದವರು ಅಲ್ಲೇ ನೋಡಿಕೊಳ್ಳಲಿ. ನಾನಿಲ್ಲಿ ಬರೆಯುವುದು ಒಬ್ಬ ಹೆಣ್ಣುಮಗಳ ಕೆಲಸವನ್ನು ನನ್ನ ಕೈಯಾರೆ ಕಳೆಯಲು ಹೊರಟಿದ್ದ ಸಂಗತಿ. ನೆನೆಸಿಕೊಂಡರೆ ಈಗಲೂ ಮೈ ಬಿಸಿಯಾಗುತ್ತದೆ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಮಂಡ್ಯದ ತಂತಿ ಕಚೇರಿಗೆ ಮೆಕ್ಯಾನಿಕ್ ಆಗಿ ಸೇರಿದೆ. ಟೆಲಿಪ್ರಿಂಟರ್ ನೋಡಿಲ್ಲದವರಿಗೆ ಒಂದು ಮಾತು: ಅದೊಂದು ದಪ್ಪ ಟೈಪ್‌ರೈಟರು, ಹೊಟ್ಟೆಯೊಳಗೆ ಮೋಟರು. ಮಂಡ್ಯದಲ್ಲಿ ಒಂದು ಅಕ್ಷರ ಒತ್ತಿದರೆ ಅದು ಐದು ಮಿಡಿತಗಳಾಗಿ ತಂತಿಯಲ್ಲಿ ಓಡಿ, ಆ ಕಡೆಯ ಯಂತ್ರದಲ್ಲಿ ಅದೇ ಅಕ್ಷರವಾಗಿ ಕಾಗದದ ಮೇಲೆ ಬೀಳಬೇಕು. ಐದರಲ್ಲಿ ಒಂದು ಮಿಡಿತ ಕೆಟ್ಟರೂ ಬೀಳುವುದು ಬೇರೆ ಅಕ್ಷರ. ಹಿಂದೆ ಮೋರ್ಸ್ ಕಾಲದಲ್ಲಿ ಕಟ್ಟು ಕಡ ಸದ್ದು ಕೇಳಿ ಬರೆದುಕೊಳ್ಳುವವನಿಗೆ ತಲೆ ಇರುತ್ತಿತ್ತು. ಒಂದು ಚುಕ್ಕೆ ಹಾರಿಹೋದರೆ ಅಂದಾಜಿನಲ್ಲಿ ಸರಿಮಾಡಿಕೊಳ್ಳುತ್ತಿದ್ದ. ಯಂತ್ರಕ್ಕೆ ಅಂದಾಜು ಎಲ್ಲಿಂದ ಬರಬೇಕು?

ನನ್ನ ಮೇಲಿನ ಮೆಕ್ಯಾನಿಕ್ ನರಸಿಂಹಯ್ಯ. ಯಂತ್ರದ ಸದ್ದು ಕೇಳಿಯೇ ಮೋಟರು ಜೋರಾಗಿದೆಯೋ ನಿಧಾನವಾಗಿದೆಯೋ ಹೇಳಿಬಿಡುತ್ತಿದ್ದ ಮನುಷ್ಯ. ಆಮೇಲೆ ನಾವು ಟ್ಯೂನಿಂಗ್ ಫೋರ್ಕ್ ಅನ್ನುವ ಸಣ್ಣ ಕವೆಗೋಲು ಮೀಟಿ, ತಿರುಗುವ ಚಕ್ರದ ಗೆರೆಗಳನ್ನು ಅದರ ಸಂದಿನಲ್ಲಿ ನೋಡಿ ವೇಗ ಅಳೆದರೆ ಅವರ ಮಾತೇ ನಿಜವಾಗಿರುತ್ತಿತ್ತು. ಎರಡನೇ ವಾರದಲ್ಲೇ ನಾನು ಹುಮ್ಮಸ್ಸಿಗೆ ಬಿದ್ದು, ಚೆನ್ನಾಗಿ ಓಡುತ್ತಿದ್ದ ಯಂತ್ರವೊಂದನ್ನು ಎಣ್ಣೆ ಹಾಕುತ್ತೇನೆಂದು ಬಿಚ್ಚಿದೆ. ಮತ್ತೆ ಕೂಡಿಸಿದ ಮೇಲೆ ಮೇಜಿನ ಮೇಲೆ ಮೂರು ಸ್ಪ್ರಿಂಗ್ ಉಳಿದಿದ್ದವು. ನರಸಿಂಹಯ್ಯ ಬೈಯಲಿಲ್ಲ. ಮೂರಕ್ಕೂ ಜಾಗ ಸಿಕ್ಕುವವರೆಗೆ ಊಟಕ್ಕೆ ಏಳಬೇಡ ಅಂದರು. ಅವತ್ತು ನನಗೆ ಊಟ ಸಿಕ್ಕಿದ್ದು ಸಂಜೆ ನಾಲ್ಕಕ್ಕೆ.

ಅವರು ಕಲಿಸಿದ ದೊಡ್ಡ ವಿದ್ಯೆ ಎಂದರೆ ಲೈನನ್ನು ಅರ್ಧ ಮಾಡುವುದು. ಮಂಡ್ಯದಿಂದ ಮಳವಳ್ಳಿಗೆ ಹೋಗುವ ತಂತಿ ಮದ್ದೂರಿನ ಮೇಲೆ ಹಾಯುತ್ತದೆ. ಮದ್ದೂರಿನಲ್ಲಿ ಲೈನ್ ಕತ್ತರಿಸಿ ಪರೀಕ್ಷಿಸು. ಈ ಕಡೆ ಸರಿಯಿದ್ದರೆ ರೋಗ ಆ ಕಡೆ. ಮತ್ತೆ ಆ ಅರ್ಧವನ್ನು ಅರ್ಧ ಮಾಡು. ಇದೇ ದಾರಿಯಲ್ಲಿ ನಾನೊಂದು ದೊಡ್ಡ ಬೇಟೆ ಹೊಡೆದೆ. ಮಳವಳ್ಳಿ ಲೈನು ಬೆಳಗ್ಗೆ ಕೆಡುತ್ತಿತ್ತು, ಬಿಸಿಲೇರಿದ ಮೇಲೆ ತಾನೇ ಸರಿಹೋಗುತ್ತಿತ್ತು. ಅರ್ಧ ಮಾಡುತ್ತಾ ಮಾಡುತ್ತಾ ಚಿಕ್ಕರಸಿನಕೆರೆಯ ಹತ್ತಿರ ಬಂದರೆ, ಕಂಬ ವಾಲದಂತೆ ಎಳೆದು ಕಟ್ಟಿದ್ದ ತಂತಿಗೆ ಒಬ್ಬ ಅಜ್ಜಿ ಸೋರೆ ಬಳ್ಳಿ ಹಬ್ಬಿಸಿದ್ದಾಳೆ! ಬಳ್ಳಿ ಕಂಬ ಹತ್ತಿ ಲೈನು ಮುಟ್ಟಿದೆ. ಇಬ್ಬನಿಗೆ ಎಲೆ ನೆನೆದರೆ ಕರೆಂಟು ನೆಲಕ್ಕೆ ಸೋರುತ್ತಿತ್ತು, ಎಲೆ ಒಣಗಿದರೆ ನಿಲ್ಲುತ್ತಿತ್ತು. ಕುಯ್ಯಲು ಕತ್ತಿ ತೆಗೆದರೆ ಅಜ್ಜಿ ಅಡ್ಡ ನಿಂತಳು.

"ಕಾಯಿ ಬುಟ್ಟೈತೆ ಕಣಪ್ಪ. ಬಸುರಿ ಬಳ್ಳಿ ಕುಯ್ದರೆ ನಿಂಗೆ ಒಳ್ಳೇದಾಯ್ತದಾ?"

ಕೊನೆಗೆ ನಾನೇ ನಾಲ್ಕು ಗೂಟ ನೆಟ್ಟು, ಬೇಲಿ ಕಡ್ಡಿಯಿಂದ ಚಪ್ಪರ ಹಾಕಿ, ಬಳ್ಳಿಯನ್ನು ಹುಷಾರಾಗಿ ಇಳಿಸಿ ಅದರ ಮೇಲೆ ಹಬ್ಬಿಸಿ ಕೊಟ್ಟೆ. ಮಂಡ್ಯ ಕಚೇರಿಯಲ್ಲಿ ಒಂದು ವಾರ ಇದೇ ಮಾತು. ನರಸಿಂಹಯ್ಯನವರೂ ಹೊಗಳಿದರು. ನನ್ನ ತಲೆ ನಿಜವಾಗಿ ತಿರುಗಿತು. ನನಗೆ ಸಿಗದ ದೋಷ ಇಲ್ಲವೇ ಇಲ್ಲ ಅನ್ನುವ ಧಿಮಾಕು ಬಂದಿದ್ದು ಆಗಲೇ.

ಆಗ ಮಳವಳ್ಳಿ ಕಚೇರಿಯ ಟೆಲಿಪ್ರಿಂಟರ್ ಮೇಲೆ ಕೂತಿದ್ದವರು ಜಯಲಕ್ಷ್ಮಿ. ಮೇಷ್ಟರ ಮಗಳು. ಮೇಷ್ಟರು ತೀರಿಕೊಂಡಿದ್ದರು, ಮನೆಯಲ್ಲಿ ತಾಯಿ, ಓದುವ ಇಬ್ಬರು ತಂಗಿಯರು, ದುಡಿಯುವವರು ಇವರೊಬ್ಬರೇ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಾತು ಕಡಿಮೆ, ಕೈ ಮಾತ್ರ ಬಲು ಚುರುಕು. ಬೇಸಿಗೆ ಶುರುವಾಗುತ್ತಿದ್ದಂತೆ ಅವರ ಯಂತ್ರದಲ್ಲಿ ಅಕ್ಷರಗಳು ಆಗೊಂದು ಈಗೊಂದು ತಪ್ಪುತ್ತಿವೆ ಎಂದು ದೂರು ಬಂತು, ನಾನು ಹೋದೆ.

ದೋಷ ಹತ್ತೇ ನಿಮಿಷಕ್ಕೆ ಸಿಕ್ಕಿತು. ಆಗ ನಮ್ಮ ಲೈನಿಗೆ ಇದ್ದದ್ದು ಒಂದೇ ತಂತಿ. ಕರೆಂಟು ತಂತಿಯಲ್ಲಿ ಹೋಗಿ ನೆಲದ ಮೂಲಕ ವಾಪಸು ಬರಬೇಕು. ಅದಕ್ಕೆಂದೇ ಪ್ರತಿ ಕಚೇರಿಯ ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಕಬ್ಬಿಣದ ಪೈಪು ಹೂತು, ಮೊಳದಷ್ಟು ಮೇಲೆ ಬಿಟ್ಟ ಅದರ ತಲೆಗೆ ತಂತಿ ಬಿಗಿದಿರುತ್ತಿದ್ದೆವು. ಅದನ್ನು ಅರ್ತು ಅನ್ನುತ್ತಿದ್ದೆವು. ಮಳವಳ್ಳಿಯ ಅರ್ತು ಗುಂಡಿ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಕಚೇರಿಯ ಜವಾನ ಕೆಂಚಯ್ಯನನ್ನು ಕರೆದು, ದಿನಾ ಎರಡು ಬಿಂದಿಗೆ ನೀರು ಹಾಕು, ಉಪ್ಪನ್ನು ಹಿಂದುಮುಂದು ನೋಡದೆ ಸುರಿ ಅಂತ ಜಬರ್ದಸ್ತಾಗಿ ಹೇಳಿ ಬಂದೆ. ಅಕ್ಷರ ಸರಿಹೋಯಿತು. ನಾನು ಮಧ್ಯಾಹ್ನದ ಬಸ್ಸಿಗೇ ಮಂಡ್ಯಕ್ಕೆ ಹೊರಟುಬಿಟ್ಟೆ.

ಎರಡು ವಾರ ಕಳೆಯಲಿಲ್ಲ, ಮತ್ತೆ ದೂರು. ಈ ಸಲ ಆಗೊಂದು ಈಗೊಂದಲ್ಲ, ಸಾಲಿಗೆ ಸಾಲೇ ಹಾಳು. ಆದರೆ ವಾರದಲ್ಲಿ ಒಂದೇ ದಿನ, ಸಂತೆ ದಿನ ಮಾತ್ರ. ಅದೇ ಹೊತ್ತಿಗೆ ಮಂಡ್ಯದ ಹತ್ತಿರದ ದುದ್ದದ ಗೌಡರೊಬ್ಬರಿಗೆ ಬಂದ ತಂತಿಯೂ ಸಿಕ್ಕಿಹಾಕಿಕೊಂಡಿತು. ಅವರ ಮಗಳನ್ನು ಮಳವಳ್ಳಿಗೆ ಕೊಟ್ಟಿತ್ತು. ಹೆರಿಗೆ ಕಷ್ಟವಾಗಿದೆ, ತಕ್ಷಣ ಹೊರಟು ಬನ್ನಿ ಎಂದು ಅಳಿಯ ಸಂತೆ ದಿನ ತಂತಿ ಕೊಟ್ಟಿದ್ದಾನೆ. ಮಂಡ್ಯದಲ್ಲಿ ಬಿದ್ದ ಪ್ರತಿಯಲ್ಲಿ ಊರಿನ ಹೆಸರೂ ಇಲ್ಲ, ಆಳಿನ ಹೆಸರೂ ಇಲ್ಲ, ಬರೀ ಅಕ್ಷರದ ಚಿತ್ರಾನ್ನ. ವಿಳಾಸ ಕೇಳಿ, ಉತ್ತರ ಬಂದು, ಆಳು ಸೈಕಲ್ಲಿನಲ್ಲಿ ದುದ್ದ ಮುಟ್ಟುವ ಹೊತ್ತಿಗೆ ಮಾರನೆಯ ದಿನ. ದೇವರ ದಯೆ, ತಾಯಿ ಮಗು ಉಳಿದರು. ಗೌಡರು ಮಾತ್ರ ಮಂಡ್ಯ ಕಚೇರಿಗೆ ಬಂದು ನಮ್ಮ ಮೇಲಧಿಕಾರಿ ಸಾಹೇಬರ ಮೇಜಿನ ಮುಂದೆ ನಿಂತರು.

"ನನ್ ಮಗ್ಳು ಸತ್ತೋಗಿದ್ರೆ ಆ ತಂತಿ ಇಟ್ಕಂಡು ನಾನೇನ್ ಮಾಡ್ಲಿ ಯೋಳಿ ಸ್ವಾಮಿ? ಯಾರ್ ತಪ್ಪೋ ಅವ್ರನ್ನ ಮನೆಗೆ ಕಳ್ಸಿ."

ಗೌಡರ ಮಾತಿನಲ್ಲಿ ನ್ಯಾಯವಿತ್ತು. ಸಾಹೇಬರು ನನ್ನನ್ನು ಮಳವಳ್ಳಿಗೆ ಅಟ್ಟಿದರು. ನಾನು ಹೋದದ್ದು ಸಂತೆ ಮುಗಿದ ಎರಡನೇ ದಿನ. ಯಂತ್ರ ನೋಡಿದೆ, ಸರಿ. ಮಿಡಿತವನ್ನು ಯಂತ್ರಕ್ಕೆ ದಾಟಿಸುವ ರಿಲೇ ನೋಡಿದೆ, ಸರಿ. ಅರ್ತು ಗುಂಡಿಯ ಉಪ್ಪು ನೀರು ದೇವರ ತೀರ್ಥದಂತೆ ತುಂಬಿತ್ತು, ಮೀಟರಿನ ಮುಳ್ಳು ಕದಲಲಿಲ್ಲ. ಜಯಲಕ್ಷ್ಮಿ ಏನೋ ಹೇಳಲು ಬಂದರು. ಸಂತೆ ದಿನ ತಂತಿ ಕೊಡುವವರ ನೂಕುನುಗ್ಗಲು ಇರುತ್ತದೆ ಅಲ್ಲವೇ ಎಂದೆ. ಹೌದು ಎಂದರು. ಅಷ್ಟು ಸಾಕಾಯಿತು ನನಗೆ. ಮುಂದಿನ ಮಾತು ಕೇಳುವ ವ್ಯವಧಾನವೂ ಇಲ್ಲದೆ ಅಲ್ಲೇ ಕೂತು ವರದಿ ಬರೆದೆ: ಯಂತ್ರದಲ್ಲಾಗಲಿ ಲೈನಿನಲ್ಲಾಗಲಿ ದೋಷವಿಲ್ಲ, ಜನ ಹೆಚ್ಚಾದ ದಿನ ಆಪರೇಟರ್ ಆತುರದಲ್ಲಿ ಕೈ ತಪ್ಪುತ್ತಾರೆ. ನನ್ನ ಹೆಸರು ಹಾಕಿ ಸಹಿ ಬಿಗಿದೆ. ಆ ಸಹಿಯನ್ನು ನೆನೆದರೆ ಇವತ್ತಿಗೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಆ ವರದಿ ಜಯಲಕ್ಷ್ಮಿಯವರ ಕಡತ ಸೇರಿತು. ಅದರ ಆಧಾರದ ಮೇಲೆ ಅವರಿಗೊಂದು ಮೆಮೊ ಹೋಯಿತು. ಕಾಯಂ ಆಗದವರು, ಇನ್ನೊಂದು ದೂರು ಬಂದರೆ ಮನೆಗೇ.

ಮುಂದಿನ ಸಂತೆ ದಿನ ನಾನು ಮಂಡ್ಯದ ಯಂತ್ರದ ಮುಂದೆ ಸುಮ್ಮನೆ ಕೂತಿದ್ದೆ. ಹನ್ನೊಂದು ಗಂಟೆಗೆ ಮಳವಳ್ಳಿಯಿಂದ ಅಕ್ಷರ ಕೆಟ್ಟು ಬೀಳತೊಡಗಿದವು. ನೋಡೇಬಿಡೋಣ ಎಂದು, ಬೇರೆ ಕೆಲಸ ನಿಲ್ಲಿಸಿ ಆರ್ ಮತ್ತು ವೈ ಎರಡೇ ಅಕ್ಷರಗಳನ್ನು ಒಂದಾದ ಮೇಲೆ ಒಂದು, ನಿಧಾನವಾಗಿ ಒತ್ತುತ್ತಾ ಹೋಗಿ ಎಂದು ಕೇಳಿದೆ. ಲೈನು ಪರೀಕ್ಷೆಗೆ ನಾವು ಯಾವಾಗಲೂ ಬಳಸುತ್ತಿದ್ದ ಜೋಡಿ ಅದು. ಒಂದರ ಐದು ಮಿಡಿತ ಇನ್ನೊಂದರದಕ್ಕೆ ತದ್ವಿರುದ್ಧ. ಅವರು ಉಸಿರಿಗೊಂದರಂತೆ ಒತ್ತಿದರು. ಆರ್ ವೈ ಆರ್ ವೈ ಬಂದು ಬಂದು ಇದ್ದಕ್ಕಿದ್ದಂತೆ ಎಚ್, ಎಮ್, ಮತ್ತೇನೋ ಬಿತ್ತು. ಇಷ್ಟು ನಿಧಾನಕ್ಕೆ ಒತ್ತಿದರೆ ಕಣ್ಣು ಕಟ್ಟಿಕೊಂಡವರೂ ತಪ್ಪುವುದಿಲ್ಲ. ತಪ್ಪು ಅವರದಲ್ಲ. ನನ್ನ ವರದಿ ಶುದ್ಧ ಸುಳ್ಳು.

ಓಡಿಹೋಗಿ ಸಾಹೇಬರಿಗೆ ಹೇಳಿದೆ. ಅವರು ತಲೆ ಎತ್ತದೆ ಕೇಳಿಸಿಕೊಂಡರು. ಅಂದಿನ ಎರಡು ದೂರು ಆಗಲೇ ಅವರ ಮೇಜಿನ ಮೇಲಿದ್ದವು. ಆಪರೇಟರನ್ನು ಕೆಲಸದಿಂದ ತೆಗೆಯುವ ಆದೇಶ ಟೈಪಾಗುತ್ತಿತ್ತು.

"ಹೋದ ವಾರ ಲೈನ್ ಸರಿ ಅಂತ ಬರೆದವನು ನೀನೇ. ಈಗ ಲೈನ್ ಕೆಟ್ಟಿದೆ ಅನ್ನೋನೂ ನೀನೇ. ಮುಂದಿನ ಸಂತೆ ದಿನ ಸಂಜೆ ಐದರವರೆಗೂ ಸಹಿ ಹಾಕಲ್ಲ. ಅಷ್ಟರಲ್ಲಿ ಕಾರಣ ಹುಡುಕಿ, ಬರವಣಿಗೆಯಲ್ಲಿ ಕಳಿಸು. ಬಾಯಿಮಾತು ಬೇಡ."

ಆ ಒಂದು ವಾರ ನಾನು ಮನುಷ್ಯನಾಗಿರಲಿಲ್ಲ. ಮಂಡ್ಯದ ರಿಲೇ ಬದಲಾಯಿಸಿದೆ. ಮದ್ದೂರಿನ ಕಂಬ ಹತ್ತಿದೆ. ಚಿಕ್ಕರಸಿನಕೆರೆಗೆ ಹೋಗಿ ಬಳ್ಳಿ ಮತ್ತೆ ಏನಾದರೂ ಹತ್ತಿದೆಯೋ ನೋಡಿದೆ. ಅಜ್ಜಿ ಚಪ್ಪರದ ತುಂಬ ಕಾಯಿ ತೋರಿಸಿದಳು, ಕಂಬ ಬೋಳಾಗಿ ನಿಂತಿತ್ತು. ಯಾವುದರಲ್ಲೂ ಏನೂ ಇಲ್ಲ. ರೋಗಿ ಚೆನ್ನಾಗಿರುವ ದಿನ ನಾಡಿ ಹಿಡಿದರೆ ಏನು ಗೊತ್ತಾಗುತ್ತದೆ? ಸಂತೆ ದಿನವೇ ಹಿಡಿಯಬೇಕು ಎಂದರು ನರಸಿಂಹಯ್ಯ.

ಸಂತೆ ದಿನ ಮೊದಲ ಬಸ್ಸಿಗೇ ಇಬ್ಬರೂ ಹೊರಟೆವು. ನರಸಿಂಹಯ್ಯ ಮದ್ದೂರಿನಲ್ಲಿ ಇಳಿದು ಪರೀಕ್ಷೆಗೆ ಕೂತರು. ನಾನು ಮಳವಳ್ಳಿ ಸೇರಿದೆ. ಜಯಲಕ್ಷ್ಮಿ ಬನ್ನಿ ಅನ್ನಲಿಲ್ಲ, ಕೂತುಕೊಳ್ಳಿ ಅನ್ನಲಿಲ್ಲ. ಡ್ರಾಯರಿನಿಂದ ಒಂದು ನೋಟುಬುಕ್ಕು ತೆಗೆದು ನನ್ನ ಮುಂದಿಟ್ಟರು. ಮೊದಲ ದೂರಿನಿಂದ ಹಿಡಿದು ಯಾವ ದಿನ, ಎಷ್ಟು ಗಂಟೆಗೆ ಅಕ್ಷರ ಕೆಟ್ಟಿತು, ಎಷ್ಟು ಗಂಟೆಗೆ ಸರಿಹೋಯಿತು, ಎಲ್ಲಾ ಗೆರೆ ಹೊಡೆದು ಬರೆದಿದ್ದರು. ಸಂತೆ ದಿನ ಬೆಳಗ್ಗೆ ಎಂಟರಿಂದ ಹತ್ತೂವರೆವರೆಗೆ ಕಚೇರಿ ತುಂಬಿ ತುಳುಕಿದಾಗ ಒಂದು ತಪ್ಪೂ ಇಲ್ಲ. ಜನ ಸಂತೆಗೆ ಕರಗಿ ಇವರು ಬಿಡುವಾಗಿ ಕೂತ ಮೇಲೆ, ಹತ್ತೂವರೆಯಿಂದ ಒಂದೂವರೆ ತನಕ, ತಪ್ಪಿನ ಸುರಿಮಳೆ. ಆತುರದ ಮಾತೇ ಇಲ್ಲ.

"ಇದನ್ನ ಅವತ್ತೇ ತೋರಿಸೋಕೆ ಬಂದಿದ್ದೆ ಸಾರ್. ನೀವು ಯಂತ್ರಾನ ಕೇಳಿದ್ರಿ, ಮೀಟರನ್ನ ಕೇಳಿದ್ರಿ, ನನ್ನನ್ನ ಕೇಳಲಿಲ್ಲ."

ಮೀಟರು ಕಟ್ಟಿಕೊಂಡು ಗಡಿಯಾರ ನೋಡುತ್ತಾ ಕೂತೆ. ಹತ್ತೂವರೆ ದಾಟಿ ಐದು ನಿಮಿಷವಾಗಿರಬೇಕು, ಯಂತ್ರ ಗೊಗ್ಗರು ದನಿಯಲ್ಲಿ ಗಡಗಡಿಸಿತು, ಅಕ್ಷರ ಕೆಟ್ಟಿತು. ಅದೇ ಗಳಿಗೆಯಲ್ಲಿ ಮದ್ದೂರಿನಿಂದ ನರಸಿಂಹಯ್ಯ ಮಂಡ್ಯದ ಕಡೆ ಶುದ್ಧವಾಗಿದೆ, ರೋಗ ನಿನ್ನ ಕಡೆಯೇ ಎಂದು, ಓದಲು ಬರುವವರೆಗೆ ಮತ್ತೆ ಮತ್ತೆ ಹೊಡೆದು ತಿಳಿಸಿದರು. ಮೀಟರನ್ನು ಅರ್ತು ತಂತಿಗೆ ಹಚ್ಚಿದೆ. ಅಯ್ಯೋ, ಮುಳ್ಳು ಕುಣಿಯುತ್ತಿದೆ! ಒಮ್ಮೆ ಸೊನ್ನೆಗೆ ಬೀಳುತ್ತದೆ, ಒಮ್ಮೆ ಮೇಲಕ್ಕೆ ಹಾರುತ್ತದೆ. ಇಷ್ಟು ದಿನ ಅಲ್ಲಾಡದಿದ್ದ ಮುಳ್ಳು! ಕುರ್ಚಿ ಬೀಳಿಸಿಕೊಂಡು ಎದ್ದು, ಗೋಡೆಗುಂಟ ಹೋದ ತಂತಿಯನ್ನೇ ಹಿಡಿದು ಹಿತ್ತಿಲಿಗೆ ಓಡಿದೆ.

ನಮ್ಮ ಅರ್ತು ಪೈಪಿಗೆ ಒಂದು ಟಗರು ಕಟ್ಟಿತ್ತು. ಅಂತಿಂಥ ಟಗರಲ್ಲ, ಬಂಡೂರಿನ ಗಿಡ್ಡ ಕಾಲಿನ, ಪೀಪಾಯಿ ಮೈಯ ಟಗರು. ಗುಂಡಿಯ ಅಂಚಿನ ಉಪ್ಪು ಮಣ್ಣನ್ನು ನೆಕ್ಕುತ್ತದೆ, ಗೊರಸಿನಿಂದ ಕೆರೆಯುತ್ತದೆ, ಹಗ್ಗ ಜಗ್ಗುತ್ತದೆ. ಜಗ್ಗಿದಾಗಲೆಲ್ಲ ನೆನೆದ ಮಣ್ಣಿನಲ್ಲಿ ಪೈಪು ವಾಲುತ್ತದೆ, ಅದರ ತಲೆಯ ಸಡಿಲವಾದ ನಟ್ಟಿನಿಂದ ತಂತಿ ಬಿಡುತ್ತದೆ, ಮತ್ತೆ ಕೂಡುತ್ತದೆ. ದುದ್ದದ ಗೌಡರ ಹೆಸರನ್ನು ತಿಂದವನು ಇವನೇ!

ಟಗರಿನ ಒಡೆಯ ಬೋರಣ್ಣ ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದ. ಇಲ್ಲಿ ಯಾಕೆ ಕಟ್ಟಿದೆ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಸಂತೇಲಿ ಮಾರೋ ಟಗರಿಗೆ ಉಪ್ಪು ನೆಕ್ಸಿ ನೀರು ಕುಡ್ಸುದ್ರೆ ಒಟ್ಟೆ ತುಂಬ್ಕಂಡು ಗುಂಡ್ಗೆ ಕಾಣ್ತದೆ ಸ್ವಾಮಿ. ಇಲ್ಲಿ ಉಪ್ಪೂ ಐತೆ, ನೀರೂ ಐತೆ, ನೆಳ್ಳೂ ಐತೆ. ಗೂಟಾನೂ ನೀವೇ ನೆಟ್ಟಿದ್ದೀರಿ."

ಒಳ್ಳೆಯ ಟಗರನ್ನು ಸಂತೆಯ ಗುಂಪಿಗೆ ನುಗ್ಗಿಸದೆ, ಇಲ್ಲಿ ಮೇಯಿಸಿ ನೀರು ಕುಡಿಸಿ, ನಿಜವಾದ ಗಿರಾಕಿ ಬಂದಾಗ ತೋರಿಸುತ್ತಿದ್ದನಂತೆ. ಒಂದೂವರೆಗೆ ವ್ಯಾಪಾರ ಮುಗಿಯುತ್ತಿತ್ತು. ಮುಂದಿನ ಸಂತೆಗೆ ಇನ್ನೊಂದು ಟಗರು. ಮೊದಲು ಇಲ್ಲಿ ಕಟ್ಟುತ್ತಿರಲಿಲ್ಲವಂತೆ, ಆಗ ಗುಂಡಿಯಲ್ಲಿ ಏನಿತ್ತು ಮಣ್ಣು. ನಾನು ಕೆಂಚಯ್ಯನ ಮೇಲೆ ತಿರುಗಿದೆ. ಇಷ್ಟೊಂದು ಉಪ್ಪು ಯಾರು ಸುರಿ ಅಂದರು ಎಂದು ಗದರಿದೆ.

"ನೀವೇ ತಾನೆ ಸಾ ಯೋಳಿದ್ದು, ಇಂದು ಮುಂದು ನೋಡ್ದೆ ಆಕು ಅಂತ," ಎಂದ ಕೆಂಚಯ್ಯ.

ಅಲ್ಲಿಗೆ ಮುಗಿಯಿತು. ಔಷಧಿ ಕೊಟ್ಟವನೂ ನಾನೇ, ಕಾಯಿಲೆ ತಂದವನೂ ನಾನೇ, ಆರೋಪ ಹೊರಿಸಿದವನೂ ನಾನೇ. ಆದರೂ ಹುಡುಕಿದ ಖುಷಿ ಎಂಥದು ಅಂತೀರಿ! ಹಿತ್ತಿಲಲ್ಲೇ ಕುಣಿಯುವಂತಾಯಿತು. ಮಂಡ್ಯದಿಂದ ಆರ್ ವೈ ಒಂದೇ ಸಮನೆ ಕಳಿಸುವಂತೆ ಹೇಳಿಸಿ, ಜಯಲಕ್ಷ್ಮಿಯವರನ್ನು ಯಂತ್ರದ ಮುಂದೆ ಕೂರಿಸಿ, ಕಿಟಕಿ ತೆಗೆಸಿದೆ. ಟಗರು ಬಿಚ್ಚಿದೆ, ಸರಿ ಬರುತ್ತಿದೆ ಎಂದರು. ಮತ್ತೆ ಕಟ್ಟಿ ನಾನೇ ಹಗ್ಗ ಜಗ್ಗಿದೆ, ಕೆಟ್ಟಿತು ಎಂದರು. ಬಿಚ್ಚಿದೆ, ಕಟ್ಟಿದೆ, ಜಗ್ಗಿದೆ. ಹತ್ತು ಸಲಕ್ಕೆ ಹತ್ತು ಸಲವೂ ಹಾಗೆಯೇ. ಸಂತೆಗೆ ಬಂದವರು ಬೇಲಿಯ ಹೊರಗೆ ಸೇರಿ, ಸರ್ಕಾರಿ ನೌಕರನೊಬ್ಬ ಟಗರಿನ ಜತೆ ಹಗ್ಗಜಗ್ಗಾಟ ಆಡುವುದನ್ನು ನೋಡುತ್ತಿದ್ದರು. ಬೋರಣ್ಣನ ಟಗರಿಗೆ ಅಲ್ಲೇ ಗಿರಾಕಿಯೂ ಸಿಕ್ಕಿದ.

ಪೈಪು ಭದ್ರ ಮಾಡಿ, ನಟ್ಟು ಬಿಗಿದು, ಗುಂಡಿಗೆ ಕಲ್ಲು ಚಪ್ಪಡಿ ಮುಚ್ಚುವ ಹೊತ್ತಿಗೆ ಮೂರು ಗಂಟೆ. ಮದ್ದೂರಿನಿಂದ ನರಸಿಂಹಯ್ಯನವರೂ ಬಂದರು. ಸಾಹೇಬರಿಗೆ ಹೋಗಬೇಕಾದ ವರದಿಯನ್ನು ನಾನು ಬರೆಯಲು ಕೂತಾಗ ಅವರು ಮೆಲ್ಲಗೆ ಪಕ್ಕಕ್ಕೆ ಕರೆದರು. ಅರ್ತು ಸಡಿಲವಾಗಿತ್ತು, ಸರಿಪಡಿಸಿದೆ ಅಂತ ಎರಡು ಸಾಲು ಬರಿ, ಉಪ್ಪಿನ ಮಾತು, ಹಳೇ ವರದಿಯ ಮಾತು ಎತ್ತಬೇಡ, ನಿನಗೂ ಹೆಂಡತಿ ಮಕ್ಕಳಿದ್ದಾರೆ ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನನಗೂ ಹಾಗೇ ಮಾಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಹಳೇ ವರದಿ ಕಡತದಲ್ಲಿ ಇರುವವರೆಗೂ ಮೆಮೊ ಇರುತ್ತದೆ. ಇವತ್ತು ತಪ್ಪಿಸಿಕೊಂಡರೂ ನಾಳೆ ಕಾಯಂ ಮಾಡುವಾಗ ಅದೇ ಕಾಗದ ಎದ್ದು ನಿಲ್ಲುತ್ತದೆ. ನಾನು ಪೂರ್ತಿ ಬರೆದೆ. ಉಪ್ಪು ಹಾಕಿಸಿದವನು ನಾನು. ಸಂತೆ ದಿನ ಪರೀಕ್ಷಿಸದೆ ವರದಿ ಕೊಟ್ಟವನು ನಾನು. ಆ ವರದಿ ತಪ್ಪು. ಆಪರೇಟರದು ಒಂದು ತಪ್ಪೂ ಇಲ್ಲ.

ಬಸ್ಸಿನಲ್ಲಿ ಒಯ್ದರೆ ಐದರೊಳಗೆ ಮಂಡ್ಯ ಮುಟ್ಟುವುದಿಲ್ಲ. ತಂತಿಯಲ್ಲೇ ಹೋಗಬೇಕು. ಮಳವಳ್ಳಿಯಲ್ಲಿ ತಂತಿ ಕಳಿಸುವವರು ಒಬ್ಬರೇ. ಹಾಳೆಯನ್ನು ಜಯಲಕ್ಷ್ಮಿಯವರ ಮುಂದೆ ಇಟ್ಟೆ. ಅವರು ನಿಂತೇ ಓದಿದರು.

"ಕಳಿಸಿಬಿಡ್ಲಾ ಸಾರ್? ಒಂದ್ಸಲ ಹೋದ್ರೆ ವಾಪಸ್ ತಗೊಳ್ಳೋಕಾಗಲ್ಲ."

ಕಳಿಸಿ ಎಂದೆ.

ಕೂತರು, ಸೆರಗು ಸಿಕ್ಕಿಸಿಕೊಂಡರು, ಕೈಯಿಟ್ಟರು. ಅಂಥ ಕೈಯನ್ನು ನಾನು ಆಮೇಲೆ ಕಾಣಲಿಲ್ಲ. ನಾಲ್ಕೂಕಾಲಕ್ಕೆ ಮುಗಿಯಿತು. ಮಂಡ್ಯದಿಂದ ಉತ್ತರವಿಲ್ಲ. ಇಬ್ಬರೂ ಯಂತ್ರವನ್ನೇ ನೋಡುತ್ತಾ ಕೂತೆವು. ನರಸಿಂಹಯ್ಯ ಬಾಗಿಲಲ್ಲಿ ನಿಂತಿದ್ದರು. ನಾಲ್ಕೂವರೆಗೆ ಯಂತ್ರ ಗಡಗಡಿಸಿ ಒಂದೇ ಸಾಲು ಬಿತ್ತು: ಇನ್ನೊಮ್ಮೆ ಪೂರ್ತಿ ಕಳಿಸಿ.

ಮತ್ತೆ ಕೆಟ್ಟಿತೇ? ನಾನು ಹಿತ್ತಿಲಿಗೆ ಓಡಿದೆ. ಚಪ್ಪಡಿ ಚಪ್ಪಡಿಯಾಗಿಯೇ ಇತ್ತು, ಟಗರೂ ಇಲ್ಲ, ಬೋರಣ್ಣನೂ ಇಲ್ಲ. ಏದುಸಿರು ಬಿಡುತ್ತಾ ವಾಪಸು ಬಂದರೆ ಎರಡನೇ ಸಾಲು ಬೀಳುತ್ತಿತ್ತು: ಎಲ್ಲಾ ಸ್ಪಷ್ಟವಾಗಿದೆ, ಆದೇಶ ಹರಿದುಹಾಕಿದ್ದೇನೆ, ಆಪರೇಟರ್ ಕಡತಕ್ಕೆ ಸೇರಿಸಲು ಇನ್ನೊಂದು ಪ್ರತಿ ಬೇಕು. ಕೆಳಗೆ ಸಾಹೇಬರ ಹೆಸರು.

ಜಯಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅತ್ತೇಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ಒಂದು ವಾರದಲ್ಲಿ ನನಗೂ ಒಂದು ಮೆಮೊ ಬಂತು, ಬರಬೇಕಾದ್ದೇ. ಆದರೆ ಅವತ್ತು ಅವರು ಹಾಳೆಯನ್ನು ಮತ್ತೆ ಎದುರಿಗಿಟ್ಟುಕೊಂಡು, ಈ ಸಲ ಯಾವ ಅವಸರವೂ ಇಲ್ಲದೆ, ಒಂದೊಂದು ಮಾತನ್ನೂ ಗಟ್ಟಿಯಾಗಿ ಓದುತ್ತಾ ಒತ್ತತೊಡಗಿದರು. ಬಾಗಿಲಲ್ಲಿ ನರಸಿಂಹಯ್ಯ, ಕಿಟಕಿಯಲ್ಲಿ ಕೆಂಚಯ್ಯ, ನಡುವೆ ತಲೆ ತಗ್ಗಿಸಿಕೊಂಡು ನಾನು. ನನ್ನ ತಪ್ಪು ಅವತ್ತು ಮಳವಳ್ಳಿಯಿಂದ ಮಂಡ್ಯಕ್ಕೆ ಎರಡು ಸಲ ಹೋಯಿತು; ಎರಡು ಸಲವೂ ಒಂದಕ್ಷರ ಕೆಡಲಿಲ್ಲ.